ಅತ್ತೆ ಮನೆ ಕಡೆಗೆ ಹೊರಟ ಬಿದಿರು

ಕಟ್ಟುಹಲ್ಲು ತಯಾರಿಸುವುದರಲ್ಲಿ ತನ್ನಷ್ಟು ಪಳಗಿದ ಕೈ ಇಡೀ ಊರಿನಲ್ಲಿ ಇನ್ನೊಂದಿಲ್ಲ ಎಂದು ನಂಬಿದ್ದ ಹಲ್ಲಣ್ಣ, ಒಂದು ಭಾನುವಾರ ಬೆಳಗ್ಗೆ ಹಿತ್ತಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಎರಡು ವರ್ಷದೊಳಗೆ ಇಲ್ಲಿ ಹದಿನೈದಡಿ ಎತ್ತರದ ಹಸಿರು ಕೋಟೆ ಎಬ್ಬಿಸುತ್ತೇನೆಂದು ಹೆಂಡತಿಗೆ ಘೋಷಿಸಿದ. ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆಯುತ್ತಿದ್ದ ಹೆಂಡತಿ, ಕೋಟೆ ಯಾಕೆ, ಯಾರಾದರೂ ದಂಡೆತ್ತಿ ಬರುತ್ತಿದ್ದಾರಾ ಎಂದು ಕೇಳಿದಳು. ಗಾಳಿ ತಂಪಾಗುತ್ತದೆ, ಧೂಳು ತಡೆಯುತ್ತದೆ, ಹಕ್ಕಿ ಬರುತ್ತವೆ ಎಂದು ಅವನು ಮೂರು ಕಾರಣ ಕೊಟ್ಟ. ನಾಲ್ಕನೆಯದನ್ನು ನುಂಗಿಕೊಂಡ.

ಆ ನಾಲ್ಕನೆಯ ಕಾರಣ ಪಕ್ಕದ ಮನೆಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು. ಅವನ ಅತ್ತೆ.

ಅತ್ತೆ ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಪರೀಕ್ಷೆಯ ಹಾಲಿನಲ್ಲಿ ಕೊನೆಯ ಬೆಂಚಿನವನು ಚೀಟಿ ಬಿಡಿಸಿದ್ದನ್ನು ತಲೆಯೆತ್ತದೆಯೇ ಪತ್ತೆಹಚ್ಚುತ್ತಿದ್ದವರು. ನಿವೃತ್ತಿಯಾದ ಮೇಲೆ ಮಗಳ ಪಕ್ಕದ ಮನೆ ಖಾಲಿಯಾಯಿತೆಂದು ಬಂದು ನೆಲೆಸಿದ್ದರು. ನಡುವೆ ಸೊಂಟದೆತ್ತರದ ಗೋಡೆ. ಅಳಿಯನ ಮುಖಕ್ಕೆ ಅವರು ಒಂದು ಮಾತೂ ಆಡಿದವರಲ್ಲ. ಮಗಳಿಗೆ ಫೋನ್ ಮಾಡುತ್ತಿದ್ದರು. ಹಲ್ಲಣ್ಣ ಏಣಿ ಹತ್ತಿದ ಎರಡನೇ ನಿಮಿಷಕ್ಕೆ ಅಡುಗೆಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮೂರನೇ ನಿಮಿಷಕ್ಕೆ ಹೆಂಡತಿ ಕಿಟಕಿಗೆ ಬಂದು, "ರೀ, ಏಣಿ ಇನ್ನೊಂಚೂರು ಎಡಕ್ಕಂತೆ" ಎನ್ನುತ್ತಿದ್ದಳು. ಮೊಳೆ ಸೊಟ್ಟಗಂತೆ, ಬನಿಯನ್ನು ತಿರುವುಮುರುವಂತೆ, ಸೈಕಲ್ ಒರೆಸೋ ಬಟ್ಟೆ ಅದಲ್ಲವಂತೆ. ಪ್ರತಿ 'ಅಂತೆ'ಯ ಹಿಂದೆಯೂ ಒಬ್ಬ ಅತ್ತೆ.

ಗಿಡ ಮಾರುವವನು ಪ್ರಾಮಾಣಿಕ. ಬಿದಿರಿನಲ್ಲಿ ಎರಡು ಬಗೆ ಎಂದು ಬಿಡಿಸಿ ಹೇಳಿದ. ಒಂದು, ನೆಟ್ಟಲ್ಲೇ ಮೆಳೆಯಾಗಿ ಮರ್ಯಾದೆಯಿಂದ ನಿಲ್ಲುವುದು, ಆದರೆ ಬೇಲಿಯಾಗಿ ಕೂಡಿಕೊಳ್ಳಲು ತಡ. ಇನ್ನೊಂದು ನೆಲದೊಳಗೆ ಬೇರು ಓಡಿಸಿ ಬೇಗ ಹಬ್ಬುವುದು. ಅದಕ್ಕೆ ಸುತ್ತ ಎರಡೂವರೆ ಅಡಿ ಆಳಕ್ಕೆ ಕಾಲುವೆ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹೂಳಲೇಬೇಕು, ಇಲ್ಲದಿದ್ದರೆ ಬೇರು ಯಾರ ಮಾತೂ ಕೇಳುವುದಿಲ್ಲ. ಹಲ್ಲಣ್ಣ ನಕ್ಕ. "ಬೇರಿನ ವಿಷಯ ನನಗೆ ಹೇಳ್ತೀರಾ? ಇಪ್ಪತ್ತು ವರ್ಷದಿಂದ ಹಲ್ಲಿನ ಕೆಲಸದಲ್ಲಿದೀನಿ." ಈ ಇಪ್ಪತ್ತು ವರ್ಷವೂ ತಾನು ಮಾಡಿದ್ದು ಬೇರುಗಳೇ ಇಲ್ಲದ ಹಲ್ಲು ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಓಡುವ ಜಾತಿಯ ಹನ್ನೆರಡು ಸಸಿ ತಂದು ಗೋಡೆಯುದ್ದಕ್ಕೂ ನೆಟ್ಟ. ಹಾಳೆಯ ಗೋಜಿಗೇ ಹೋಗಲಿಲ್ಲ.

ಮೊದಲ ವರ್ಷ ಕೋಟೆ ಮೊಣಕಾಲು ದಾಟಲಿಲ್ಲ. ಹಲ್ಲಿನ ಅಗಲ ನೋಡುವ ಅಳತೆಕಡ್ಡಿಯನ್ನೇ ತಂದು ಸಂಜೆ ಸಂಜೆ ಸಸಿಗಳನ್ನು ಅಳೆದ. ಅವನು ಕೆಲಸ ಮಾಡುವ ಕ್ಲಿನಿಕ್ಕಿನ ಡಾಕ್ಟರು ದಿನಾ ಬೆಳಗ್ಗೆ ರೋಗಿಗಳೆದುರಿಗೇ ಕೋಟೆಯ ಕ್ಷೇಮ ವಿಚಾರಿಸತೊಡಗಿದರು. ಗಿಡಕ್ಕೂ ಹಲ್ಲು ಕಟ್ಟಿಕೊಡಿ, ನೆಟ್ಟಗೆ ಗೊಬ್ಬರ ಅಗಿಯುತ್ತದೆ ಎಂದು ಹೆಂಡತಿ ಸಲಹೆ ಕೊಟ್ಟಳು.

ಎರಡನೇ ವರ್ಷ ಬಿದಿರಿಗೆ ಅದೇನು ಹುರುಪು ಬಂತೋ. ಸೋಮವಾರ ನೆಲ ಸೀಳಿದ ಮೊಳಕೆ ಮುಂದಿನ ಸೋಮವಾರ ಅವನ ತಲೆ ದಾಟಿತ್ತು. ನಾಲ್ಕು ತಿಂಗಳಲ್ಲಿ ವರಾಂಡ ಮುಚ್ಚಿತು, ಕುರ್ಚಿ ಮುಚ್ಚಿತು, ಅತ್ತೆಯೂ ಮುಚ್ಚಿಹೋದರು. ಫೋನು ಬಾಯಿಬಿಡಲಿಲ್ಲ. ಹಲ್ಲಣ್ಣ ಏಣಿಯನ್ನು ಬೇಕೆಂದೇ ಬಲಕ್ಕೆ ವಾಲಿಸಿ ಹತ್ತಿದ. ಅಲ್ಲಿಂದ ಬಿದ್ದ ಕೂಡ. ಯಾರೂ ನೋಡಲಿಲ್ಲವೆಂಬ ಸಂತೋಷದಲ್ಲಿ ಕುಂಟುತ್ತಲೇ ಒಳಗೆ ಹೋದ.

ಆ ಸುಖ ಹಿತ್ತಲ ಕೋಣೆಯಿಂದಲೇ ಕೆಡಲು ಶುರುವಾಯಿತು. ಮನೆಗೆ ತಂದ ಹಲ್ಲಿನ ಕೆಲಸವನ್ನು ಅವನು ಅಲ್ಲೇ ಮಾಡುತ್ತಿದ್ದುದು. ಒಂದು ಮೊಳಕೆ ನೆಲದ ಹಾಸನ್ನು ಕೆಳಗಿನಿಂದ ಎತ್ತಿ, ಕೆಲಸದ ಮೇಜನ್ನು ಕೂದಲೆಳೆಯಷ್ಟು ವಾಲಿಸಿತ್ತು. ಹಲ್ಲಿನ ಕೆಲಸದಲ್ಲಿ ಕೂದಲೆಳೆಯೇ ದೊಡ್ಡದು. ಆ ವಾರ ಅವನು ಕಟ್ಟಿಕೊಟ್ಟ ಸೆಟ್ಟು ಹರಾಜು ಕೂಗುವ ದಪ್ಪ ಮನುಷ್ಯರೊಬ್ಬರದು. ಅವರು ಸಭೆಯಲ್ಲಿ ಬಾಯಿ ತೆರೆದಾಗಲೆಲ್ಲ ಹಲ್ಲಿನ ಸಂದಿಯಿಂದ ಸಿಳ್ಳೆ ಹೊರಟು, ಅದನ್ನು ಕೂಗು ಮುಗಿಯಿತೆಂಬ ಸೂಚನೆಯೆಂದು ತಿಳಿದ ಗುಮಾಸ್ತ ಒಂದು ಪಿಯಾನೊವನ್ನು ಮೊದಲನೇ ಕೂಗಿಗೇ ಒಪ್ಪಿಸಿಬಿಟ್ಟಿದ್ದ. ಹರಾಜಿನವರು ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಸಿಟ್ಟಿನಿಂದ ಏನೇನೋ ಅಂದರು. ಬಾಯಲ್ಲಿ ಹಲ್ಲಿಲ್ಲದ್ದರಿಂದ ಅರ್ಧ ಬೈಗುಳ ಹಲ್ಲಣ್ಣನಿಗೆ ತಲುಪಲಿಲ್ಲ. ತಲುಪಿದ ಅರ್ಧವೇ ಸಾಕಾಗಿತ್ತು.

ಮೇಜು ಸರಿಮಾಡಲು ಕರೆಸಿದ ಗಾರೆ ಮೇಸ್ತ್ರಿ ಕೋಣೆ ನೋಡಿ, ಇದೊಂದು ದಿನದ ಕೆಲಸ ಎಂದ. ಹಿತ್ತಲಿಗೆ ಬಂದು ಗೋಡೆ ನೋಡಿದವನು ಮಾತ್ರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಎಲೆಗಳ ಹಿಂದೆ ಗೋಡೆ ಮೂರು ಕಡೆ ಸೀಳಿ, ಅತ್ತೆಯ ಮನೆಯತ್ತ ಬಾಗಿ ನಿಂತಿತ್ತು. ಯಾರ ಮೇಲಾದರೂ ಬೀಳುವ ಮೊದಲು ಕೆಡವಬೇಕು, ಬೇರನ್ನೆಲ್ಲ ಕಿತ್ತು ಒಂದು ವರ್ಷವಾದರೂ ಕಾಯಬೇಕು, ಬೆರಳುದ್ದ ತುಂಡು ಉಳಿದರೂ ಅದು ಮತ್ತೆ ಏಳುತ್ತದೆ, ಅಲ್ಲಿಯವರೆಗೆ ಹೊಸ ಗೋಡೆಯ ಮಾತೆತ್ತಬೇಡಿ ಎಂದ.

ಕೋಟೆಯೂ ಇಲ್ಲ, ಇದ್ದ ಗೋಡೆಯೂ ಇಲ್ಲ. ಹಲ್ಲಣ್ಣನಿಗೆ ಅಂದು ಊಟ ಸೇರಲಿಲ್ಲ. ಕುರ್ಚಿಯಲ್ಲಿ ಕೂತ ಅತ್ತೆಯ ಮೇಲೆ ಗೋಡೆ ಉರುಳುವುದೇ ಕಣ್ಣಿಗೆ ಕಟ್ಟುತ್ತಿತ್ತು. ಬಿದಿರು ನೆಟ್ಟ ಹೊತ್ತಿನಲ್ಲಿ ಅವರು ಕಾಣದಿದ್ದರೆ ಸಾಕೆಂದಿದ್ದನೇ ಹೊರತು ಅವರಿಗೆ ಏನಾದರೂ ಆಗಲಿ ಎಂದು ಕನಸಿನಲ್ಲೂ ಬಯಸಿರಲಿಲ್ಲ. ಹೆಂಡತಿಯ ಮುಂದೆ ನಾಲ್ಕನೆಯ ಕಾರಣವನ್ನು ಒಪ್ಪಿಕೊಂಡ. ಅವಳು ಅದು ತನಗೆ ಮೊದಲ ದಿನವೇ ಗೊತ್ತಿತ್ತೆಂದು ಹೇಳಿ, ನೀವೇ ಹೋಗಿ ಅಮ್ಮನಿಗೆ ತಿಳಿಸಿ ಎಂದು ಬಾಗಿಲು ತೋರಿಸಿದಳು. ಹೋಂವರ್ಕ್ ಮಾಡದವನಂತೆ ಹಲ್ಲಣ್ಣ ವರಾಂಡದ ಮೆಟ್ಟಿಲ ಮೇಲೆ ನಿಂತು ಗೋಡೆಯ ಸಂಗತಿ ಹೇಳಿದ. ನಾಲ್ಕನೆಯ ಕಾರಣವನ್ನು ಮಾತ್ರ ಮತ್ತೆ ನುಂಗಿಕೊಂಡ. ಅತ್ತೆ ಪೂರ್ತಿ ಕೇಳಿ, ನಾಳೆ ಆರು ಗಂಟೆಗೆ ಶುರು ಮಾಡೋಣ ಎಂದರು.

ಐದೂಮುಕ್ಕಾಲಿಗೇ ಗುದ್ದಲಿ ಹಿಡಿದು ಬಂದಿದ್ದರು. ಒಂಬತ್ತು ದಿನ ಅಳಿಯ, ಅತ್ತೆ, ಮೇಸ್ತ್ರಿ ಮೂವರೂ ಅಗೆದರು. ಅತ್ತೆಗೆ ಬೇರಿನ ಜಾಡು ಹಿಡಿಯುವುದರಲ್ಲಿ ಎಲ್ಲಿಲ್ಲದ ಚುರುಕು. ಒಮ್ಮೆ ಹಲ್ಲಣ್ಣ ಬೇರೆಂದು ತಿಳಿದು ಜಗ್ಗಾಡಿದ್ದು ನೀರಿನ ಪೈಪು. ಮೂವರೂ ತೊಯ್ದು ತೊಪ್ಪೆಯಾದಾಗ ಅತ್ತೆ ಕನ್ನಡಕ ತೆಗೆದು ಬಿದ್ದು ಬಿದ್ದು ನಕ್ಕರು. ಅವರು ನಗುವುದನ್ನು ಅವನು ನೋಡಿದ್ದು ಅದೇ ಮೊದಲು.

ಒಂಬತ್ತನೇ ದಿನ ಮೇಸ್ತ್ರಿ ಕಿತ್ತ ಬೇರಿನ ರಾಶಿ ನೋಡುತ್ತ ಒಂದು ಮಾತೆಸೆದ. ಹಲ್ಲಣ್ಣನ ಕಡೆ ಸಿಕ್ಕಿದ್ದು ಒಂದು ಹೊರೆ, ಅತ್ತೆಯ ಕಡೆ ಆರು ಹೊರೆ. ಬೇರು ಹೀಗೆ ಒಂದೇ ಕಡೆ ನುಗ್ಗಬೇಕಾದರೆ ಇಲ್ಲಿ ಯಾರೋ ದಿನಾ ನೀರುಣಿಸಿರಬೇಕು ಎಂದ. ಹಲ್ಲಣ್ಣ ಅತ್ತೆಯ ಕಡೆ ತಿರುಗಿದ. ಅತ್ತೆ ಗುದ್ದಲಿಗೆ ಅಂಟಿದ ಮಣ್ಣನ್ನು ಬಹಳ ಶ್ರದ್ಧೆಯಿಂದ ಕೆರೆಯುತ್ತಿದ್ದರು.

"ನಾನೇ ಹಾಕ್ತಿದ್ದೆ," ಎಂದರು. "ದಿನಾ ಎರಡು ಬಕೆಟ್ಟು. ಗೊಬ್ಬರ ಬೇರೆ."

"ಯಾಕೆ ಅತ್ತೆ?"

"ಬೇಗ ಎತ್ತರ ಆಗಲಿ ಅಂತ. ವರಾಂಡಕ್ಕೆ ಬಂದರೆ ಕಣ್ಣೆದುರಿಗೆ ನೀವು. ನಿಮ್ಮ ಕೆಲಸ ನೋಡ್ಕೊಂಡು ಸುಮ್ಮನಿರೋಕೆ ನನ್ನಿಂದ ಆಗಲ್ಲ. ಬಾಯಿಬಿಟ್ರೆ ಮಗಳು ರೇಗ್ತಾಳೆ. ಅಂತೂ ನೀವೇ ಮರೆ ಕಟ್ಟೋಕೆ ಹೊರಟ್ರಿ, ಬದುಕಿದೆ ಅಂದ್ಕೊಂಡೆ. ಮರೆ ಎದ್ದ ಮೇಲೆ ಎಷ್ಟು ನೆಮ್ಮದಿಯಾಗಿದ್ದೆ ಗೊತ್ತಾ, ಅಳಿಯಂದಿರೇ?"

ಹಲ್ಲಣ್ಣ ಕೆಡವಿದ ಗೋಡೆಯ ಜಾಗದಲ್ಲಿ, ಅತ್ತ ಆ ಮನೆಯಲ್ಲೂ ಇಲ್ಲದೆ ಇತ್ತ ಈ ಮನೆಯಲ್ಲೂ ಇಲ್ಲದೆ ನಿಂತುಬಿಟ್ಟ.

"ಇನ್ನೊಂದು ವರ್ಷ ತಾನೇ, ಹೇಗೋ ತಡ್ಕೋತೀನಿ," ಎಂದು ಅತ್ತೆ ಕೈ ಚಾಚಿದರು. "ಆ ಹಾರೆ ಕೊಡಿ ಇಲ್ಲಿ. ನೀವು ಅಗೆಯೋದನ್ನ ನೋಡೋಕಾಗ್ತಿಲ್ಲ."

ಅವನು ಕೊಟ್ಟ.