ಬಾಣಕ್ಕೆ ಹೊದೆಸಿದ ಶಾಲು

ಪೇಟೆಂಟ್ ಕೆಲಸಕ್ಕೆಂದು ಜಿನೀವಾ, ಟೋಕಿಯೊ ಎಂದೆಲ್ಲ ಸುತ್ತಿ, ಎಲ್ಲಿಯೂ ಕಾಲು ನಿಲ್ಲದೆ, ಕೊನೆಗೆ ಮಣಿಪಾಲದಲ್ಲಿ ಕಚೇರಿ ತೆರೆದವಳು ನಾನು. ಆ ಹೊರದೇಶಗಳ ಕಕ್ಷಿಗಾರರು ಹೆಂಡತಿಗೂ ಗುಟ್ಟು ಬಿಟ್ಟುಕೊಡುವುದಿಲ್ಲ. ಇಲ್ಲಿ ಗುಟ್ಟಿಗೂ ಮೈಕ್ ಬೇಕು. ಹಾಗಾಗಿ ನನಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ.

೧

ಕಾಪುವಿನ ಟೈಪಿಂಗ್ ಮಾಸ್ಟ್ರು ಕೀಬೋರ್ಡ್ ಹಿಡಿದುಕೊಂಡು ಬಂದರು, ಜೊತೆಗೆ ಹೆಂಡತಿ. ಆಕೆಗೆ ಸಂಧಿವಾತ; ಬೆರಳು ಮಡಚಲು ಬರುವುದಿಲ್ಲ, ಮೌಸ್ ಹಿಡಿಯಲಾಗದು.

"ಕೀಲಿ ಒತ್ತಿ ಪರದೆಯ ಬಾಣ ಓಡಿಸುವುದು ಹಳೆಯದಾಯಿತು ಮಾಸ್ಟ್ರೇ," ಎಂದೆ.

"ಇದು ಬೇರೆ ಮೇಡಂ. ಗುರಿ ಹತ್ತಿರ ಬಂದರೆ ಬಾಣ ತಾನೇ ನಿಧಾನ ಆಗ್ತದೆ. ಆ ಉಪಾಯ ಇವಳದ್ದು."

"ಇವರ ಸ್ಕೂಟರ್ ನೋಡಿ ಹೊಳೆದದ್ದು," ಎಂದರು ಆಕೆ. "ಪೇಟೆಯಲ್ಲಿ ಜೋರು, ಮನೆಯ ಗೇಟು ಕಂಡ ಕೂಡಲೇ ನಿಧಾನ."

ಹೊರಡುವಾಗ ಆಕೆ ಮೆಲ್ಲನೆ ಕೇಳಿದರು: "ಪೇಟೆಂಟಿನಲ್ಲಿ ನನ್ನ ಹೆಸರೂ ಬರ್ತದೆ ಅಲ್ವಾ? ಮದುವೆ ಕಾಗದ ಬಿಟ್ಟರೆ ಎಲ್ಲಿಯೂ ಅಚ್ಚಾಗಿಲ್ಲ."

"ಬರ್ತದೆ. ಅರ್ಜಿ ಹಾಕುವವರೆಗೆ ಮಾತ್ರ ಯಾರಿಗೂ ತೋರಿಸಬೇಡಿ. ನಾಲ್ಕು ಜನ ನೋಡಿದರೆ ಪೇಟೆಂಟ್ ಹೋಯಿತು."

"ಯಾರಿಗೆ ತೋರಿಸುವುದು ಮೇಡಂ?" ಮಾಸ್ಟ್ರು ನಕ್ಕರು. "ನಮ್ಮ ಮನೆಗೆ ಕರೆಂಟು ಬಿಲ್ಲಿನವನು ಬಿಟ್ಟರೆ ಯಾರೂ ಬರುವುದಿಲ್ಲ."

೨

ಅರ್ಜಿ ಹಾಕಿದೆವು. ಕಾರ್ಕಳದ ಕೀಬೋರ್ಡ್ ವ್ಯಾಪಾರಿಯೊಬ್ಬರು ಆಕ್ಷೇಪ ಎತ್ತಿದರು. ಅಂಥದ್ದನ್ನೇ ಅವರೂ ಮಾರತೊಡಗಿದ್ದರು. ವಿಚಾರಣೆ ವಿಡಿಯೊದಲ್ಲಿ. "ಹೊಸ ಫೋಟೊ ಸಿಕ್ಕಿದೆ, ತೋರಿಸ್ತೇನೆ," ಎಂದವರ ಮೌಸ್ ಅಲ್ಲಿಯೇ ಕೆಟ್ಟಿತು. ಅಧಿಕಾರಿ ಗಡಿಯಾರ ನೋಡಿದರು. ನಾನು ಒಳಗೊಳಗೇ ಕೃಷ್ಣನಿಗೆ ಕೈಮುಗಿದೆ.

ಪಕ್ಕದಲ್ಲಿದ್ದ ಮಾಸ್ಟ್ರಿಗೆ ತಡೆಯಲಾಗಲಿಲ್ಲ. "ಅಣ್ಣಾ, ನಿಮ್ಮದೇ ಕೀಬೋರ್ಡ್ ಉಂಟಲ್ಲ! ಎಂಟರ ಕೀಲಿ ಒತ್ತಿ ಹಿಡಿಯಿರಿ, ಬಾಣ ಮೇಲೆ ಹೋಗ್ತದೆ. ಈಗ ಆರು, ಬಲಕ್ಕೆ. ಹೆದರಬೇಡಿ, ತಾನೇ ನಿಧಾನ ಆಗ್ತದೆ."

ನಾನು ಅವರ ಕಾಲು ತುಳಿದೆ.

"ತುಳಿಯಬೇಡಿ ಮೇಡಂ, ಬಂತು ಬಂತು."

ಫೋಟೊ ತೆರೆಯಿತು. ಅರ್ಜಿ ಹಾಕುವ ಹಿಂದಿನ ವಾರ, ಅಂಬಲಪಾಡಿಯಲ್ಲೊಂದು ಸಂಘದ ವಾರ್ಷಿಕೋತ್ಸವ. ವೇದಿಕೆಯಲ್ಲಿ ಮಾಸ್ಟ್ರು, ಪೇಟ, ಹಾರ, ಹಣ್ಣಿನ ಬುಟ್ಟಿ. ಹಿಂದೆ ದೊಡ್ಡ ಪರದೆಯ ಮೇಲೆ ನಮ್ಮ ಬಾಣ. ಶಾಲು ಹೊದೆಸುತ್ತಿದ್ದವರು ಇದೇ ಕಾರ್ಕಳದ ವ್ಯಾಪಾರಿ. ಮಾಸ್ಟ್ರ ಹೆಂಡತಿಯ ಸುಳಿವಿಲ್ಲ.

"ಎಂತ ಮಾಸ್ಟ್ರೇ ಇದು?"

"ಸನ್ಮಾನಕ್ಕೆ ಕರೆದರೆ ಬರುವುದಿಲ್ಲ ಅಂತ ಹೇಗೆ ಹೇಳುವುದು? ಸ್ವಲ್ಪ ಮಾಡಿ ತೋರಿಸಿ ಅಂದರು, ತೋರಿಸಿದೆ. ಆ ಬುಟ್ಟಿಯ ಸೇಬು ನಿಮಗೂ ತಂದುಕೊಟ್ಟಿದ್ದೆನಲ್ಲ!"

ಹೌದು. ಸಿಹಿಯಾಗಿತ್ತು.

೩

ಅರ್ಜಿ ತಿರಸ್ಕೃತವಾಯಿತು. ಆದೇಶದ ಪ್ರತಿ ಹಿಡಿದು ಕಾಪುವಿಗೆ ಹೋದೆ. ದಾರಿಯುದ್ದಕ್ಕೂ ಹೊಂದಿಸಿದ ಸಮಾಧಾನದ ಮಾತುಗಳು ಗೇಟಿನ ಹತ್ತಿರ ತಾವೇ ನಿಧಾನವಾಗಿ ನಿಂತುಹೋದವು. ಮಾಸ್ಟ್ರು ತಲೆ ಎತ್ತಲಿಲ್ಲ. ಆಕೆ ಮಾತ್ರ ಮೊದಲ ಪುಟದ ಮೇಲೆ ಸೆಟೆದ ಬೆರಳನ್ನು ಸರಿಸುತ್ತಾ ಹೋಗಿ, ಅರ್ಜಿದಾರರ ಸಾಲಿನಲ್ಲಿ ನಿಲ್ಲಿಸಿದರು.

"ನನ್ನ ಹೆಸರು ತಪ್ಪಿಲ್ಲದೆ ಬಂದಿದೆ," ಎಂದರು. ಆಮೇಲೆ, ಒಮ್ಮೆ ಗಂಡನ ಕಡೆ ನೋಡಿ, "ಮೇಡಂ, ಇದನ್ನಾದರೂ ನಾಲ್ಕು ಜನರಿಗೆ ತೋರಿಸಬಹುದಾ?"