ಬಸ್ಸಿನ ನೀರು, ಡ್ರೈವರನ ಕುರಿ

ಬಸ್ಸಿನ ನೀರನ್ನು ಡ್ರೈವರ್ ತನ್ನ ಕುರಿಗಳಿಗೆ ಕುಡಿಸುತ್ತಾನೆ ಎಂದು ಆಗ ನಾರಾಯಣಪೇಟೆಯಿಂದ ಗದ್ವಾಲದವರೆಗೆ ಎಲ್ಲರೂ ನಂಬಿದ್ದರು.

ನಿಜಾಮರ ಕಾಲ. ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ನಾರಾಯಣಪೇಟೆಯ ಒಂದು ಬಸ್ ಶೆಡ್ಡಿನಲ್ಲಿ ಮುನ್ಶಿಯಾಗಿದ್ದೆ. ವಿಜ್ಞಾನವನ್ನು ಉರ್ದುವಿನಲ್ಲಿ ಓದಿದವನು ನಾನು. ಆ ಶೆಡ್ಡಿನಲ್ಲಿ ವಿಜ್ಞಾನವೂ ಬೇಕಿರಲಿಲ್ಲ, ಅಂಥ ಉರ್ದುವೂ ಬೇಕಿರಲಿಲ್ಲ. ಇದ್ದದ್ದು ಒಂದೇ ಬಸ್ಸು. ಮಕ್ತಲ್ ದಾಟಿ ಕೃಷ್ಣೆಯ ದಡದವರೆಗೆ ಓಡುತ್ತಿತ್ತು. ಗದ್ವಾಲಕ್ಕೆ ಹೋಗುವವರು ಅಲ್ಲಿಳಿದು ಹರಿಗೋಲು ಹತ್ತಬೇಕು. ಒಂದೇ ಬಸ್ಸಾದರೂ ವಾರಕ್ಕೊಂದು ಫಜೀತಿ ತಪ್ಪುತ್ತಿರಲಿಲ್ಲ. ನೀರಿಗೆ ಸಂಬಂಧಪಟ್ಟವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

೧. ಅಗಲ

ಬಸ್ಸಿನ ಸಾಹುಕಾರ ಗದ್ವಾಲದವನು. ಬಸ್ಸಿಗೆ ಜೋರು ಸಾಲದು ಎಂದು ಅವನಿಗೆ ಕೊರಗು. ಸಿಲಿಂಡರ್ ಅಗಲವಾದಷ್ಟೂ ಜೋರು ಹೆಚ್ಚು ಎಂದು ಯಾರೋ ಹೇಳಿದ್ದರಿಂದ ಎರಡು ಸಲ ಕೊರೆಸಿದ್ದ. ಮೂರನೆಯ ಸಲ ರಾಯಚೂರಿನ ಮಿಸ್ತ್ರಿ ಸಿಲಿಂಡರಿನ ಗೋಡೆ ತೋರಿಸಿ ಕೈಯೆತ್ತಿದ.

"ಇನ್ನ ಕೊರದ್ರ ಗ್ವಾಡಿ ಉಳಿಯಂಗಿಲ್ಲರಿ."

"ಗ್ವಾಡಿ ಯಾರಿಗೆ ಬೇಕೋ? ಒಳಗ ಜಾಗ ಬೇಕು," ಎಂದ ಸಾಹುಕಾರ.

ಮೂರನೆಯ ಸಲವೂ ಕೊರೆಸಿದ. ಅಷ್ಟಕ್ಕೇ ಬಿಡಲಿಲ್ಲ. ಯಾವುದೋ ಜಾಗೀರ್ದಾರರ ರೇಸಿನ ಮೋಟಾರಿನಿಂದ ಕಿತ್ತ ಒಂದು ಯಂತ್ರ ತಂದ. ಇಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವುದು ಅದರ ಕೆಲಸ. ಊರವರು ಅದನ್ನು ಕಂಬಾರರ ತಿದಿ ಎಂದರು, ಮಿಸ್ತ್ರಿಯೂ ಹಾಗೇ ಅಂದ. ತಿದಿ ಕೂಡಿಸಿದ ಮೊದಲ ದಿನ ಬಸ್ಸಿನ ಮಾಳಿಗೆ ಮೇಲೆ ಕೂತಿದ್ದವನ ರುಮಾಲು ಮಕ್ತಲ್ ತಲುಪಲಿಲ್ಲ. ಅವನು ದೂರು ತಂದ.

"ತಲಿ ಬಂತಲ್ಲೋ," ಎಂದ ಸಾಹುಕಾರ. "ಮೊದಲು ಅದನ್ನ ನೋಡ್ಕೋ."

೨. ಎಮ್ಮೆ

ತಿಂಗಳೊಳಗೆ ಬಸ್ಸು ನೀರು ಕುಡಿಯಲು ಶುರು ಮಾಡಿತು. ನದಿ ಸೇರುವಷ್ಟರಲ್ಲಿ ಹತ್ತು ಕೊಡ. ಕುದ್ದು ನಿಂತಲ್ಲೆಲ್ಲ ಡ್ರೈವರ್ ಕೊಡ ಹಿಡಿದು ಹೊಲದ ಬಾವಿಗೆ ಓಡಬೇಕು. ಬಾವಿಯ ಹತ್ತಿರ ಕುರಿಗಳು ಇದ್ದೇ ಇರುತ್ತಿದ್ದವು. ಡ್ರೈವರ್ ಕುರುಬರವನು, ಬೀರಪ್ಪನ ಒಕ್ಕಲು, ಹಣೆಯ ಮೇಲೆ ಭಂಡಾರದ ಅರಿಶಿನ. ಬಸ್ಸಿನಲ್ಲಿ ಕೂತವರಿಗೆ ಅಷ್ಟು ಸಾಕಾಯಿತು. ಸುದ್ದಿ ಹರಿಗೋಲಿನಲ್ಲಿ ನದಿ ದಾಟಿತು. ಸಾಹುಕಾರ ಬಂದು ವಿಚಾರಣೆಗೆ ಕೂತ.

"ಕುರಿಗೆ ನೀರು ಕುಡಿಸೀಯೇನು?"

"ಇಲ್ಲರಿ."

"ಮತ್ತ ಎಲ್ಲಿ ಹೋತು?"

"ಬಸ್ಸು ಕುಡೀತೈತ್ರಿ."

"ಬಸ್ಸೇನು ಎಮ್ಮೆನಾ?"

"ಎಮ್ಮಿ ಇಷ್ಟು ಕುಡಿಯಂಗಿಲ್ಲರಿ."

ಸಾಹುಕಾರನಿಗೆ ಇದು ಉದ್ಧಟತನವೆಂದು ಕಂಡಿತು. "ಬರೋ ಶುಕ್ರವಾರ, ಜುಮ್ಮಾಕ್ಕ, ಬರ್ತೀನಿ. ನೀರು ಎಲ್ಲಿ ಹೋಗ್ತೈತಿ ಅಂತ ಕಣ್ಣಿಗೆ ತೋರಸಬೇಕು. ಇಲ್ಲಂದ್ರ ಬಿಲ್ಲೆ ಬಿಚ್ಚಿಟ್ಟು ಮನಿಗೆ ಹೋಗು."

ಬಿಲ್ಲೆ ಎಂದರೆ ಎದೆಗೆ ಚುಚ್ಚಿಕೊಳ್ಳುವ ಹಿತ್ತಾಳೆಯ ಡ್ರೈವರ್ ಬಿಲ್ಲೆ. ಅವನು ಅದನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಅವನ ಹಳ್ಳಿಯಲ್ಲಿ ಮೋಟಾರು ನಡೆಸಲು ಬರುತ್ತಿದ್ದುದು ಅವನೊಬ್ಬನಿಗೇ. ಅವತ್ತು ಸಂಜೆ ಅವನು ಬಿಲ್ಲೆ ತಿಕ್ಕಲಿಲ್ಲ. "ಯಾಕೋ?" ಎಂದೆ.

"ತಗೊಂಡು ಹೋಗೋರು ತಿಕ್ಕೋತಾರ ಬಿಡ್ರಿ," ಎಂದ.

೩. ತೀರ್ಥ

ಮರುದಿನ ನಾನೂ ಬಸ್ಸಿನಲ್ಲಿ ಹೋದೆ. ಬರುವಾಗ ನದಿಯ ಹತ್ತಿರ ಒಬ್ಬ ಆಚಾರ್ಯರು ಮಡಿಗೆಂದು ಒಂದು ಕೊಡ ಕೃಷ್ಣೆಯ ನೀರು ಹಿಡಿದು ಹತ್ತಿದರು. ಮಕ್ತಲ್ ಇನ್ನೂ ಎರಡು ಮೈಲಿ ಇರುವಾಗ ಬಸ್ಸು ಒಂದು ಜಾಲಿಗಿಡದ ಕೆಳಗೆ ಕುದ್ದು ನಿಂತಿತು. ಹತ್ತಿರದಲ್ಲಿ ಬಾವಿ ಇರಲಿಲ್ಲ. ಎಲ್ಲರೂ ಆಚಾರ್ಯರ ಕೊಡವನ್ನೇ ನೋಡಿದರು.

"ಕೊಡ ಮುಟ್ಟಬ್ಯಾಡ್ರಿ. ನಾನೇ ಹಾಕ್ತೀನಿ," ಎಂದು ಆಚಾರ್ಯರು ಇಳಿದು, ರೇಡಿಯೇಟರಿಗೆ ಒಂದು ಮೊಳ ಮೇಲಿನಿಂದ ಅಭಿಷೇಕ ಮಾಡಿದರು.

ಜನ ಹಿಂದಿನಿಂದ ತಳ್ಳಿದರು. ಇಂಜಿನ್ ಹತ್ತಿಕೊಂಡಿತು. ಹೊಗೆ ಕೊಳವೆಯಿಂದ ಬೆಳ್ಳಗೆ ಹಬೆ ಎದ್ದು, ತಳ್ಳುತ್ತಿದ್ದವರ ಮೈಮೇಲೆಲ್ಲ ನೀರು ಸಿಡಿಯಿತು. ಒಬ್ಬ ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು, "ನಿಮ್ಮ ನೀರೇ ಅಲ್ಲೇನ್ರಿ ಸ್ವಾಮಿ?" ಎಂದಳು.

"ಮುಂದ ಹಾಕುವಾಗ ಮಡಿ ಇತ್ತು," ಎಂದರು ಆಚಾರ್ಯರು. "ಹಿಂದ ಬಂದದ್ದಕ್ಕ ನಾನು ಜವಾಬ್ದಾರ ಅಲ್ಲ."

೪. ನನ್ನ ವಿದ್ಯೆ

ನೀರು ಮುಂದೆ ಹೋಗಿ ಹಿಂದೆ ಬಂದಿತ್ತು. ನಡುವೆ ಕುರಿ ಇರಲಿಲ್ಲ. ಅಂದರೆ ಸಿಲಿಂಡರಿನ ಸುತ್ತ ಇರಬೇಕಾದ ನೀರು ಒಳಗಿನ ಬೆಂಕಿಗೆ ಸೋರುತ್ತಿದೆ. ಇಂಜಿನ್ನಿನ ತಲೆಯ ಕೆಳಗೆ ನೀರು ತಡೆಯುವ ಗ್ಯಾಸ್ಕೆಟ್ ಹೋಗಿದೆ ಎಂದು ನಾನು ತೀರ್ಪು ಕೊಟ್ಟೆ. "ಬೇರೆ ಏನೂ ಇರುವುದು ಸಾಧ್ಯವೇ ಇಲ್ಲ" ಎಂದೂ ಸೇರಿಸಿದೆ.

ಗ್ಯಾಸ್ಕೆಟ್ ಬದಲಾಯಿಸಿದರು. ಬಸ್ಸು ಮಕ್ತಲ್ ಅದೇ ಎರಡು ಮೈಲಿ ಇರುವಾಗ, ಅದೇ ಜಾಲಿಗಿಡದ ಕೆಳಗೆ ಕುದ್ದು ನಿಂತಿತು.

ಡ್ರೈವರ್ ಕೊಡ ಎತ್ತಿಕೊಂಡು ಕೇಳಿದ: "ಬಿ.ಎಸ್ಸಿ. ಇಷ್ಟೇ ಏನ್ರಿ, ಇನ್ನೂ ಐತೇನು?"

೫. ಉಸ್ತುವಾನಾ

ಇನ್ನೂ ಇತ್ತು. ಇಂಜಿನ್ನಿನ ತಲೆ ಮತ್ತೆ ಬಿಚ್ಚಿಸಿ, ಸಾಹುಕಾರನಿಗೆ ಒಂದು ಪತ್ರ ಬರೆದೆ, ವಿಶ್ವವಿದ್ಯಾಲಯದ ಉರ್ದುವಿನಲ್ಲಿ: "ಉಸ್ತುವಾನಾದ ದೀವಾರಿನಲ್ಲಿ ಬಿರುಕು ಇರಬಹುದು. ಬಲ್ಲವನೊಬ್ಬನನ್ನು ಕರೆತರಬೇಕು."

ನನ್ನ ಕಾಲೇಜಿನಲ್ಲಿ ಉಸ್ತುವಾನಾ ಎಂದರೆ ಸಿಲಿಂಡರ್. ಉಳಿದ ಸಮಸ್ತರಿಗೂ ಅದು ಕಂಬ. ದೀವಾರ್ ಎಂದರೆ ಎಲ್ಲ ಕಡೆಯೂ ಗೋಡೆಯೇ.

ಜುಮ್ಮಾ ದಿನ ಸಾಹುಕಾರ ಗೋಡೆ ಕಟ್ಟುವ ಒಬ್ಬ ಗೌಂಡಿಯನ್ನು ಕರೆತಂದ. ಗೌಂಡಿಯ ಕೈಯಲ್ಲಿ ಕರಣಿ, ತೂಕದ ಗುಂಡು, ಹೆಗಲ ಮೇಲೆ ಸುಣ್ಣದ ಪುಡಿಯ ಚೀಲ. ನಮ್ಮ ಶೆಡ್ಡಿಗೆ ಇದ್ದದ್ದು ನಾಲ್ಕು ಕಲ್ಲುಕಂಬ, ಮೇಲೆ ತಗಡು. ಗೌಂಡಿ ಮೂರು ಸುತ್ತು ಹಾಕಿ, ಗೋಡೆ ಕಾಣದೆ ನಿಂತು ತೆಲುಗಿನಲ್ಲಿ ಕೇಳಿದ.

"ಗೋಡ ಎಕ್ಕಡ, ದೊರಾ?"

ಸಾಹುಕಾರ ನನ್ನನ್ನು ನೋಡಿದ. ನಾನು ಕಂಬ ನೋಡಿದೆ. ಡ್ರೈವರ್ ಮಾತ್ರ ಗೌಂಡಿಯ ಕೈ ಹಿಡಿದು ಬಿಚ್ಚಿಟ್ಟ ಇಂಜಿನ್ನಿನ ಹತ್ತಿರ ಎಳೆದೊಯ್ದ. "ಇಲ್ಲೈತಿ ನೋಡಪಾ ಗ್ವಾಡಿ."

ಗೌಂಡಿ ಸಿಲಿಂಡರಿನೊಳಗೆ ಬಗ್ಗಿ ನೋಡಿ ಕನ್ನಡಕ್ಕೆ ಹೊರಳಿದ. "ಇಷ್ಟು ಸಣ್ಣ ಮನಿಯೊಳಗ ಯಾರಿರ್ತಾರ?"

"ಒಳಗ ಬೆಂಕಿ ಇರ್ತೈತಿ. ಗ್ವಾಡಿ ಆಚಿ ಕಡೆ ನೀರು."

"ನೀರು ಐತಂದ್ರ ತೊಟ್ಟಿ ಅನ್ನು. ಅದು ನನಗ ಬರ್ತೈತಿ."

ಅವನು ಸೀಮೆಎಣ್ಣೆಗೆ ಇಂಜಿನ್ನಿನ ಕರಿ ಎಣ್ಣೆ ಬೆರೆಸಿ ಒಳಗೋಡೆಗೆಲ್ಲ ಬಳಿದ. ಒಂದು ಬೀಡಿ ಸೇದಿ ಮುಗಿಸಿ, ಅರಿವೆಯಿಂದ ಹನಿ ಉಳಿಯದಂತೆ ಒರೆಸಿದ. ಸುಣ್ಣದ ಪುಡಿ ಉದುರಿಸಿದ. ಇನ್ನೊಂದು ಬೀಡಿ ಹಚ್ಚಿದ. ಸೋರುವ ಕಲ್ಲುತೊಟ್ಟಿಯ ಬಿರುಕು ಹುಡುಕುವುದು ಹೀಗೇ ಅಂತೆ: ಒರೆಸಿದರೂ ಬಿರುಕಿನಲ್ಲಿ ಉಳಿದ ಎಣ್ಣೆ ಸುಣ್ಣಕ್ಕೆ ಹತ್ತಿ ಜಾಗ ಹೇಳುತ್ತದೆ. ಇದನ್ನು ನನಗೆ ಯಾವ ಭಾಷೆಯಲ್ಲೂ ಕಲಿಸಿರಲಿಲ್ಲ.

ಬೀಡಿ ಅರ್ಧಕ್ಕೆ ಬಂದಾಗ ಮೂರನೇ ಸಿಲಿಂಡರಿನ ಬಿಳಿಯ ಮೇಲೆ ನಾಲ್ಕು ಬೆರಳುದ್ದದ ಕರಿಗೆರೆ ಮೂಡಿತು.

"ಸಿಕ್ತು," ಎಂದು ಗೌಂಡಿ ಕರಣಿ ಎತ್ತಿಕೊಂಡ. "ಮುಚ್ಚಲೇನ್ರಿ? ಸುಣ್ಣಕ್ಕ ಕಲಸಾಕ ಸ್ವಲ್ಪ ಬೆಲ್ಲ ಕೊಡ್ರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ತೈತಿ."

ಸಾಹುಕಾರ ಗೆರೆಯನ್ನೂ ತಿದಿಯನ್ನೂ ನೋಡಿದ. ಒಳಗೆ ಜಾಗ ಬೇಕೆಂದಿದ್ದವನು ಅವನೇ. ಕೊನೆಗೆ ಡ್ರೈವರನಿಗೆ, "ಬಿಲ್ಲೆ ನಿನ್ನ ಹತ್ರನೇ ಇರಲಿ," ಎಂದ. ಆದರೆ ಪೂರ್ತಿ ಸೋತು ಎದ್ದುಹೋಗಲು ಮನಸ್ಸು ಬರಲಿಲ್ಲ.

"ಹಂಗಂದ್ರೂ ಕುರಿಗೆ ಒಂದೆರಡು ಕೊಡ ಹೋಗೇ ಹೋಗಿರ್ತೈತಿ. ಖರೇ ಹೇಳು, ಎಷ್ಟು ಅದಾವ ನಿನ್ನ ಕುರಿ?"

ಡ್ರೈವರ್ ಬಿಲ್ಲೆಯನ್ನು ಅಂಗಿಯ ತುದಿಯಿಂದ ತಿಕ್ಕಿದ.

"ಕುಡಿಸೀಯೇನು ಅಂತ ಎಲ್ಲಾರೂ ಕೇಳಿದ್ರಿ, ಅದಾವೇನು ಅಂತ ಯಾರೂ ಕೇಳಲಿಲ್ಲರಿ," ಎಂದ. "ನಮ್ಮಪ್ಪನ ಕಾಲಕ್ಕೇ ಎಲ್ಲಾ ಮಾರಿ ಆಗೈತಿ. ನನ್ನ ಹತ್ರ ಒಂದು ಕುರೀನೂ ಇಲ್ಲ."