ಎಡದ ತುದಿ

ಎಲ್ಲ ಫಜೀತಿಗೂ ಕಾರಣ, ಆ ಹಜಾರದಲ್ಲಿ ಒಂದೇ ಒಂದು ಖಾಲಿ ಗೋಡೆ ಇಲ್ಲದೇ ಹೋದದ್ದು. ನಾಲ್ಕೂ ಕಡೆ ಗಾಜಿನ ಬೀರುಗಳು. ಹಾಗಾಗಿ ವಿಭಾಗದ ಮುಖ್ಯಸ್ಥೆ, "ಸ್ವಾಗತಕ್ಕೆ ಮಾಡೋ ಚೆಂಡಿನ ಸರಾನ ನಡುವಿನ ಎರಡು ಕಂಬಕ್ಕೆ ಕಟ್ಟಿಬಿಡಮ್ಮ. ಸಂಜೆ ಎಲ್ಲ ಸರಿಯಾಗಿದ್ರೆ ನಿನ್ನ ಕಾಯಂ ಆರ್ಡರಿಗೆ ಅಲ್ಲೇ ಸಹಿ" ಎಂದು ಹೇಳಿ ಅತಿಥಿಯನ್ನು ಕರೆತರಲು ಹೊರಟುಹೋದರು.

ಹಂಗಾಮಿ ಸಹಾಯಕಿ ಮೆಲ್ದನಿ ಏಣಿ ತಂದಿಟ್ಟಳು. ಮೆಲ್ದನಿ ಎಂಬುದು ಪ್ರಯೋಗಾಲಯದಲ್ಲಿ ಅವಳಿಗೆ ಬಿದ್ದ ಹೆಸರು. ಅವಳ ಮಾತು ಬಾಯಿ ದಾಟಿ ಎದುರಿನವರ ಕಿವಿ ಮುಟ್ಟುವಷ್ಟರಲ್ಲಿ ಅವರು ಪಕ್ಕದ ಕೋಣೆ ಸೇರಿರುತ್ತಿದ್ದರು.

ಬರುವವರು ಸಾಮಾನ್ಯರಲ್ಲ. ಮಣ್ಣಿನೊಳಗಿನ ಸೂಕ್ಷ್ಮಜೀವಿಯೊಂದು ತಯಾರಿಸುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನನ್ನು ಕಂಡುಹಿಡಿದ ಹಿರಿಯ ವಿಜ್ಞಾನಿ. ಅದರಲ್ಲಿರುವ ಅಮೈನೊ ಆಮ್ಲಗಳ ಸಾಲನ್ನು ಮುಖ್ಯಸ್ಥೆ ಕರಿಹಲಗೆಯ ಮೇಲೆ ಬರೆದಿಟ್ಟಿದ್ದರು. ಆಮ್ಲಕ್ಕೊಂದು ಅಕ್ಷರ, ಮೊದಲಕ್ಷರದಿಂದ ಕೊನೆಯಕ್ಷರಕ್ಕೆ ಮೇಲಿನಿಂದ ಚೆಂದದ ಒಂದು ಕಮಾನು. ಅತಿಥಿಯ ಗೌರವಕ್ಕೆ ಬಿಡಿಸಿದ ಅಲಂಕಾರವಿರಬೇಕು ಎಂದುಕೊಂಡಳು ಮೆಲ್ದನಿ.

ಆ ಸಾಲನ್ನು ನೋಡಿದಷ್ಟೂ ಅವಳಿಗೆ ಸಾಲದು. ಕಣ್ಣಿಗೆ ಕಾಣದ ಒಂದು ಜೀವಿಯ ಕೈಚಳಕವನ್ನು ಗೇಣುದ್ದದ ಅಕ್ಷರಸಾಲಿನಲ್ಲಿ ಹಿಡಿದಿಡುವುದೆಂದರೇನು! ಅದಕ್ಕೊಂದು ಕಟ್ಟಳೆ ಬೇರೆ: ಸಾಲು ಶುರುವಾಗುವ ಅಮೈನ್ ತುದಿ ಎಡಕ್ಕೆ, ಮುಗಿಯುವ ಆಮ್ಲದ ತುದಿ ಬಲಕ್ಕೆ. ಭೂಮಿಯ ಯಾವ ಮೂಲೆಯಲ್ಲಿ ಕೂತು ಓದಿದರೂ ಅದೇ ಸಾಲು, ಅದೇ ಅರ್ಥ. ಅವಳು ಆಸೆಯಿಂದ ಆಮ್ಲಕ್ಕೊಂದರಂತೆ ಚೆಂಡುಗಳನ್ನು ಪೋಣಿಸಿದಳು. ಗ್ಲೈಸಿನ್‌ಗೆ ನಿಂಬೆಯಷ್ಟು ಬಿಳಿ ಚೆಂಡು, ಲೈಸಿನ್‌ಗೆ ನೀಲಿ, ದಢೂತಿ ಟ್ರಿಪ್ಟೊಫಾನ್‌ಗೆ ಕುಂಬಳಕಾಯಿಯಂಥ ನೇರಳೆ. ಏಣಿ ಹತ್ತಿ ಕಂಬದಿಂದ ಕಂಬಕ್ಕೆ ಕಟ್ಟಿ, ಇಳಿದು, ಉಸಿರುಬಿಟ್ಟಳು.

"ಏನಮ್ಮಾ ಇದು, ಹಿಂದುಮುಂದಾಗಿದೆ!"

ಮುಂಬಾಗಿಲ ಕಡೆ ಭೂತಗನ್ನಡಿ ಮೇಷ್ಟ್ರು ನಿಂತಿದ್ದರು. ತಪ್ಪು ಹುಡುಕುವುದರಲ್ಲಿ ಅವರ ಕಣ್ಣು ಹದ್ದನ್ನೂ ನಾಚಿಸುವಂಥದ್ದು. "ಅಮೈನ್ ತುದಿ ಎಡಕ್ಕಿರ್ಬೇಕು ಅಂತ ಮೊದಲ ವರ್ಷದ ಮಕ್ಕಳಿಗೂ ಗೊತ್ತು."

ಮೆಲ್ದನಿ ನೋಡಿದಳು. ಹೌದು, ಬಲಕ್ಕಿತ್ತು! ಏಣಿ ಹತ್ತಿ ಸರವನ್ನು ತಿರುಗಿಸಿ ಕಟ್ಟಿದಳು.

ಕೈ ತೊಳೆಯುವಷ್ಟರಲ್ಲಿ ಹಿಂಬಾಗಿಲ ಕಡೆಯಿಂದ ಕೂಗು. "ಏ ಹುಡುಗಿ! ಯಾರೇ ನಿಂಗೆ ಕಲ್ಸಿದ್ದು? ಎಡದ್ದು ಬಲಕ್ಕೆ ಹೋಗಿದೆ!" ಪ್ರಯೋಗಾಲಯವನ್ನೇ ಮನೆ ಮಾಡಿಕೊಂಡಿದ್ದ ಲ್ಯಾಬ್ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಮೆಲ್ದನಿ ಅಲ್ಲಿಗೆ ಓಡಿ ನೋಡಿದಳು. ಹೌದು, ಬಲಕ್ಕೇ ಇತ್ತು! ಮತ್ತೆ ಏಣಿ.

ಮೂರನೆಯ ಸಲ ಏಣಿಯ ಮೇಲಿದ್ದಾಗ ಅವಳಿಗೆ ಗುಟ್ಟು ಹೊಳೆಯಿತು. ಸರ ನಡುವೆ ತೂಗುತ್ತಿದೆ. ಒಬ್ಬರ ಎಡ ಇನ್ನೊಬ್ಬರಿಗೆ ಬಲ. ಇಬ್ಬರೂ ಸರಿಯೇ.

"ಸಾರ್... ಒಂದ್ಸಲ ಆ ಕಡೆ ನಿಂತು ನೋಡಿದ್ರೆ..."

"ಆ ಕಡೆಗಾ? ನಾನಾ?" ಮೇಷ್ಟ್ರು ಕೆಂಡವಾದರು. ಫ್ರಿಜ್ಜಿನ ಮೇಲಿನ ಖಾನೆ ಯಾರದ್ದೆಂಬ ಜಗಳವಾದಂದಿನಿಂದ ಅವರು ಅಕ್ಕನ ಕಡೆ ಕಾಲಿಟ್ಟಿರಲಿಲ್ಲ.

"ಅಕ್ಕಾ, ನೀವಾದ್ರೂ ಈ ಕಡೆ ಬಂದು..."

"ಆ ಮನುಷ್ಯನ ನೆರಳಿಗೂ ನಾನು ಹೋಗಲ್ಲ. ನೀನು ತಿರುಗಿಸ್ತೀಯೋ, ನಾನೇ ಹತ್ಲೋ?"

ಹೀಗೆ ಸರ ಸಂಜೆಯವರೆಗೆ ಉಯ್ಯಾಲೆಯಾಯಿತು. ಕೊನೆಗೆ, ಅತಿಥಿ ಬರುವುದು ಮುಂಬಾಗಿಲಿಂದಲ್ಲವೇ ಎಂದು ಧೈರ್ಯ ಮಾಡಿ, ಮೇಷ್ಟ್ರ ಕಡೆಗೆ ಸರಿ ಕಾಣುವಂತೆ ತಂತಿಯಿಂದ ಬಿಗಿದು ಕಟ್ಟಿದಳು.

ಹಿರಿಯ ವಿಜ್ಞಾನಿ ಬಂದರು. ಹತ್ತಿ ಸೀರೆ, ಕಾಲಲ್ಲಿ ಸವೆದ ಚಪ್ಪಲಿ, ಮಗುವಿನಂಥ ಕಣ್ಣು. ಸರದೆದುರು ನಿಂತು ಒಂದೊಂದೇ ಚೆಂಡನ್ನು ನೋಡಿದರು.

"ಯಾರು ಮಾಡಿದ್ದು?"

"ನಾ... ನಾನು."

"ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮಾ! ನನ್ನ ಪೆಪ್ಟೈಡು ಇಷ್ಟು ಲಕ್ಷಣವಾಗಿದೆ ಅಂತ ನಂಗೇ ಗೊತ್ತಿರಲಿಲ್ಲ. ಆದ್ರೆ ಪಾಪ, ಅದನ್ನ ಕತ್ತರಿಸಿದ್ದು ಯಾಕೆ?"

"ಕತ್ತರಿಸಿದ್ದಾ?"

"ಇದು ಉಂಗುರ ಕಣಮ್ಮ. ಮೊದಲೂ ಇಲ್ಲ, ಕೊನೆಯೂ ಇಲ್ಲ. ಬರೆಯೋವಾಗ ಸಾಲಾಗಿ ಬರೆದು, ಎರಡು ತುದೀನೂ ಸೇರಿಸಿ ಮೇಲೆ ಒಂದು ಗೆರೆ ಎಳೀತೀವಿ." ಅವರು ಕರಿಹಲಗೆಯತ್ತ ಕೈ ತೋರಿದರು. ಅಲಂಕಾರದ ಕಮಾನು ಅಲ್ಲಿಂದಲೇ ಹಲ್ಲು ಕಿರಿಯುತ್ತಿತ್ತು.

ಬೆಳಗಿನಿಂದ ಇಲ್ಲದ ತುದಿಗಾಗಿ ಕಾದಾಡಿದ ಇಬ್ಬರೂ ನೆಲ ನೋಡಿದರು. ವಿಜ್ಞಾನಿ ತಾವೇ ತಂತಿ ಬಿಚ್ಚಿಸಿ, ತುದಿಗಳನ್ನು ಜೋಡಿಸಿ, ಉಂಗುರವನ್ನು ಕಂಬಗಳ ನಡುವೆ ತೂಗಿಸಿದರು. ಮೆಲ್ದನಿಯ ಬೆನ್ನು ತಟ್ಟಿ ಉಪನ್ಯಾಸದ ಕೋಣೆಗೆ ನಡೆದರು. ಇಂಥವರ ಕೈ ಬೆನ್ನಿಗೆ ಬಿದ್ದ ಮೇಲೆ ಇನ್ನೇನು ಬೇಕು ಎಂದುಕೊಂಡಳು ಅವಳು.

ಮುಖ್ಯಸ್ಥೆ ನಗುತ್ತ ಆರ್ಡರನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಒಂದ್ನಿಮಿಷ," ಮುಂಬಾಗಿಲಿಂದ ಮೇಷ್ಟ್ರು ಕಣ್ಣು ಕಿರಿದಾಗಿಸಿದರು. "ಉಂಗುರಾನ ಗಡಿಯಾರದ ಮುಳ್ಳಿನ ದಿಕ್ಕಿಗೇ ಓದ್ಬೇಕಲ್ವಾ? ಇದು ಎದುರು ದಿಕ್ಕಿಗಿದೆ."

"ಯಾರ್ರೀ ಹೇಳಿದ್ದು?" ಹಿಂಬಾಗಿಲಿಂದ ಅಕ್ಕನ ಗುಡುಗು. "ಮುಳ್ಳಿನ ದಿಕ್ಕಿಗೇ ಇದೆ! ಮುಟ್ಟಿದ್ರೆ ನೋಡಿ!"

ಮುಖ್ಯಸ್ಥೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದರು. ಪೆನ್ನಿನ ಮುಚ್ಚಳ ಟಕ್ಕೆಂದು ಮುಚ್ಚಿತು.

"ಇದೊಂದು ಇತ್ಯರ್ಥ ಆಗ್ಲಿ, ಆಮೇಲೆ ಸಹಿ ಹಾಕೋಣ. ಮೆಲ್ದನೀ, ಏಣಿ ಎಲ್ಲಮ್ಮಾ?"